ಸೋಪು ಹಿಡಿದವರ ಸರದಿ

ತಂತಿರಾಯನ ಕಷ್ಟಕ್ಕೆಲ್ಲ ಮೂಲ ಅವನು ಮಾಡಿದ ಒಂದೇ ಒಂದು ಒಳ್ಳೆಯ ಕೆಲಸ.

ಸೋಪಿನ ಕಾರ್ಖಾನೆಯಲ್ಲಿ ಯಂತ್ರಗಳನ್ನು ಬೆಸೆಯುವ ನೆಟ್‌ವರ್ಕ್ ನೋಡಿಕೊಳ್ಳುವುದು ಅವನ ಉದ್ಯೋಗ. ಹೆಸರು ಬಂದದ್ದೂ ಅದರಿಂದಲೇ. ಮೊದಲು ಕುದಿಯುವ ತೊಟ್ಟಿ, ಪಂಪು, ಕವಾಟ ಎಲ್ಲವೂ ಒಂದೇ ತಂತಿಯಲ್ಲಿ ಒಟ್ಟಿಗೆ ಮಾತಾಡಿ, ಯಾರ ಮಾತೂ ಯಾರಿಗೂ ಸಮಯಕ್ಕೆ ಮುಟ್ಟುತ್ತಿರಲಿಲ್ಲ. ತಂತಿರಾಯ ಹೊಸ ಕಟ್ಟಳೆ ತಂದ. ತಂತಿಯಲ್ಲಿ ಒಂದು ಟೋಕನ್ ಸುತ್ತುತ್ತಿರಬೇಕು. ಅದು ಸಿಕ್ಕ ಯಂತ್ರ ಮಾತ್ರ ಚುಟುಕಾಗಿ ಮಾತಾಡಿ ಪಕ್ಕದ್ದಕ್ಕೆ ದಾಟಿಸಬೇಕು. ಯಂತ್ರಗಳು ಪರೀಕ್ಷೆಗೆ ಕೂತ ಮಕ್ಕಳ ಹಾಗೆ ತೆಪ್ಪಗಾದವು.

ಮ್ಯಾನೇಜರರಿಗೆ ಇದೆಷ್ಟು ಹಿಡಿಸಿತೆಂದರೆ, ಬೆಳಗಿನ ಮೀಟಿಂಗಿಗೂ ಇದೇ ನಿಯಮ ಎಂದುಬಿಟ್ಟರು. ಟೋಕನ್ನಿನ ಜಾಗದಲ್ಲಿ ಒಂದು ಸೋಪಿನ ಬಿಲ್ಲೆ. ಅದು ಕೈಯಲ್ಲಿಲ್ಲದವರು ತುಟಿ ಪಿಟಕ್ಕೆನ್ನುವಂತಿಲ್ಲ. ಒಂದು ಸರದಿಗೆ ಇಷ್ಟೇ ಹೊತ್ತು ಎಂಬ ಮಿತಿಯೂ ಯಂತ್ರಗಳಿಗಿತ್ತು. ಓದಿಕೊಂಡ ಮನುಷ್ಯರಿಗೆ ಅದು ಅವಮಾನವೆಂದು ಅದೊಂದನ್ನು ಕೈಬಿಟ್ಟರು.

ಒಂದು ದಿನ ಮೀಟಿಂಗಿನ ಕೊನೆಗೆ ತಂತಿರಾಯನ ಕೆಲಸ ಖಾಯಂ ಆಗುವ ಮಾತಿತ್ತು. ಖಾಯಂ ಆಗದವನಿಗೆ ಮಗಳನ್ನು ಕೊಡುವುದಿಲ್ಲವೆಂದು ಭಾವೀ ಮಾವ ಕಡ್ಡಿ ಮುರಿದಂತೆ ಹೇಳಿದ್ದರು. ಹಾಗಾಗಿ ಬೇಗ ಮುಗಿದರೆ ಸಾಕೆಂದು ತಂತಿರಾಯ ಕಾದು ಕೂತಿದ್ದ.

ಬಿಲ್ಲೆ ಲೆಕ್ಕಿಗರ ಕೈ ಸೇರಿತು. ಅವರು ಚಹಾ ಕಪ್ಪುಗಳ ಹಿಡಿ ಯಾಕೆ ಮುರಿಯುತ್ತದೆ ಎಂಬುದನ್ನು ಹಿಡಿದುಕೊಂಡರು. ಅಷ್ಟರಲ್ಲಿ ಮ್ಯಾನೇಜರರ ಬೆನ್ನ ಹಿಂದಿನ ಪರದೆಯಲ್ಲಿ ಕೆಂಪಕ್ಷರ ಮೂಡಿತು: ತೊಟ್ಟಿ ಉಕ್ಕುತ್ತಿದೆ, ಕವಾಟ ಮುಚ್ಚಿ. ಸಂದೇಶ ಒಂದಿಷ್ಟೂ ತಡವಾಗಿರಲಿಲ್ಲ. ತಂತಿರಾಯನ ಎದೆ ಹೆಮ್ಮೆಯಿಂದ ಉಬ್ಬಿತು, ಆಮೇಲೆ ಧಸಕ್ಕೆಂದಿತು. ಮುಚ್ಚುವ ಗುಂಡಿ ಮ್ಯಾನೇಜರರ ಮೊಣಕೈ ಪಕ್ಕದಲ್ಲೇ ಇತ್ತು, ಅವರ ಹೊರತು ಬೇರೆ ಯಾರೂ ಅದನ್ನು ಮುಟ್ಟುವಂತಿರಲಿಲ್ಲ.

ಅವನು ಪರದೆ ತೋರಿಸಿದ, ಎರಡೂ ಕೈಯಲ್ಲಿ ಉಕ್ಕುವ ಅಭಿನಯ ಮಾಡಿದ. ಮ್ಯಾನೇಜರರು ತುಟಿಯ ಮೇಲೆ ಬೆರಳಿಟ್ಟರು. ಇವನಿಗೆ ಆಸಕ್ತಿಯಿದೆಯೆಂದು ಬಗೆದ ಲೆಕ್ಕಿಗರು ಕಪ್ಪಿನ ಕತೆಯನ್ನು ಮೊದಲಿನಿಂದ ಶುರು ಮಾಡಿದರು.

ಕಸ ಗುಡಿಸುವ ಅಕ್ಕ ಬಾಗಿಲು ತೆರೆದಳು. "ಸಾರ್, ನೊರೆ ಮೆಟ್ಲು ಹತ್ತಿ ಬರ್ತಾ ಇದೆ."

ಮ್ಯಾನೇಜರರು ಲೆಕ್ಕಿಗರ ಕೈಯಲ್ಲಿದ್ದ ಬಿಲ್ಲೆ ತೋರಿಸಿದರು. ಅಕ್ಕ ಪೊರಕೆ ಹಿಡಿದು ಸರದಿಗೆ ನಿಂತಳು. ನೊರೆ ಮಾತ್ರ ಸರದಿ ಕಾಯದೆ ಒಳಗೆ ಬಂತು.

ಲೆಕ್ಕಿಗರು ಬಿಲ್ಲೆಯನ್ನು ದಾಟಿಸಿದಾಗ ತಂತಿರಾಯನ ಅಂಗೈ ಬೆವತಿತ್ತು. ಸೋಪಿನ ಗುಣ ಸೋಪು ಬಿಡಲಿಲ್ಲ. ಜಾರಿ ನೊರೆಯೊಳಗೆ ಬಿತ್ತು. ಎಲ್ಲರೂ ಮೇಜಿನ ಕೆಳಗೆ ತಡಕಾಡಿದರು. ಎಲ್ಲಿ ಹುಡುಕಿಯಾಯಿತು, ಎಲ್ಲಿ ಇಲ್ಲ ಎಂದು ಒಬ್ಬರಿಗೊಬ್ಬರು ಹೇಳುವಂತಿರಲಿಲ್ಲ. ಕೊನೆಗೆ ಅದು ಸಿಕ್ಕಿದ್ದು ಮ್ಯಾನೇಜರರಿಗೆ, ಕಾಲಡಿ. ಅವರು ಮೊಣಕಾಲುದ್ದ ನೊರೆಯಲ್ಲಿ ನಿಂತು, ತಿರುಗಿ ಪರದೆ ಓದಿ, ಗುಂಡಿ ಒತ್ತಿ, ಬಿಲ್ಲೆಯನ್ನು ತಂತಿರಾಯನಿಗೆ ಕೊಟ್ಟರು.

"ಹೇಳಪ್ಪ, ಇದು ಯಾರ ತಪ್ಪು?"

ಸತ್ಯ ನಾಲಿಗೆಯ ತುದಿಗೆ ಬಂದಿತ್ತು. ಭಾವೀ ಮಾವನ ಮುಖವೂ ಕಣ್ಣಮುಂದೆ ಬಂತು.

"ನಂದೇನೂ ಹೇಳೋದಿಲ್ಲ ಸಾರ್," ಎಂದು ಬಿಲ್ಲೆಯನ್ನು ಪಕ್ಕಕ್ಕೆ ದಾಟಿಸಿದ.

"ಇವನದೇ," ಎಂದರು ಲೆಕ್ಕಿಗರು. "ಇವನದೇ," ಎಂದರು ಉಗ್ರಾಣದವರು. ಟೋಕನ್ ಅಷ್ಟು ಚುರುಕಾಗಿ ಸುತ್ತು ಮುಗಿಸಿದ್ದು ಅದೇ ಮೊದಲು.

ಬಿಲ್ಲೆ ಮರಳಿ ಪಡೆದ ಮ್ಯಾನೇಜರರು ಸ್ವಲ್ಪ ಯೋಚಿಸಿ, ತಂತಿರಾಯನ ಕೆಲಸ ಖಾಯಂ ಎಂದರು. ಅವನಿಗೆ ಹೋದ ಜೀವ ಬಂದಂತಾಯಿತು. ನಾಳೆಯಿಂದ ಅವನು ತೊಟ್ಟಿಯ ಪಕ್ಕದಲ್ಲೇ ನಿಂತಿರಬೇಕು, ನೊರೆ ಎದ್ದರೆ ಮೀಟಿಂಗಿಗೆ ಕೇಳುವಂತೆ ಕೂಗಬೇಕು. ಬಿಲ್ಲೆ ಮಾತ್ರ ಈ ಕೋಣೆ ಬಿಟ್ಟು ಕದಲುವಂತಿಲ್ಲ ಎಂದೂ ಸೇರಿಸಿದರು.

ಹಾಗಾದರೆ ಕೂಗುವುದು ಹೇಗೆ ಎಂದು ಕೇಳಲು ತಂತಿರಾಯ ಬಾಯಿ ತೆರೆದ. ಬಿಲ್ಲೆ ಮ್ಯಾನೇಜರರ ಕೈಯಲ್ಲಿತ್ತು. ಬಾಯಿ ಮುಚ್ಚಿದ.