ಮೂರು ಕೋಟ್ ಹೊಡೆದ ಹ್ಯಾಂಡಲ್

ಕುಡಿತ, ಇಸ್ಪೀಟು, ಬೀಡಿ ಎಂದು ಚಟಗಳ ಹೆಸರು ಹೇಳುವವರು ಬಣ್ಣ ಹೊಡೆಯುವ ಚಟವನ್ನು ಯಾಕೆ ಬಿಟ್ಟುಬಿಡುತ್ತಾರೋ ನನಗೆ ಗೊತ್ತಿಲ್ಲ. ನನಗಿರುವುದು ಅದೊಂದೇ. ಉಡುಪಿ ಕಡೆಯ ಒಂದು ಗ್ಯಾರೇಜಿನಲ್ಲಿ ಬಸ್ಸುಗಳ ಹಣೆಯ ಮೇಲೆ ದೇವರ ಹೆಸರು ಬರೆಯುತ್ತ ಕೈ ಕುದುರಿಸಿಕೊಂಡವನು ನಾನು. ಬಣ್ಣವಿಲ್ಲದ ವಸ್ತು ಕಣ್ಣಿಗೆ ಬಿದ್ದರೆ ಅಂಗಿ ಹಾಕದ ಮಗುವನ್ನು ಕಂಡ ಹಾಗಾಗುತ್ತದೆ. ಒಮ್ಮೆ ಮನೆಯ ಕುಕ್ಕರಿನ ಹಿಡಿಗೂ ಬೆಳ್ಳಿ ಬಣ್ಣ ಹೊಡೆದಿದ್ದೆ. ಆ ದಿನದ ಸಾರಿನ ವಾಸನೆಯ ಬಗ್ಗೆ ನನ್ನ ಹೆಂಡತಿ ಸುಮತಿ ಇವತ್ತಿಗೂ ಬಂದವರಿಗೆಲ್ಲ ಹೇಳುತ್ತಾಳೆ.

ಈಗ ಬಹರೈನಿನಲ್ಲಿ ನಾನಿರುವ ವರ್ಕ್‌ಶಾಪಿನಲ್ಲಿ ಕಾರುಗಳಿಗೆ ಎಲ್ಲೂ ಸಿಗದ ಭಾಗಗಳನ್ನು ಮಾಡಿಕೊಡುತ್ತೇವೆ. ಗಿರಾಕಿ ತನ್ನ ಕನಸು ಹೇಳುತ್ತಾನೆ, ನಾವು ಕಂಪ್ಯೂಟರಿನಲ್ಲಿ ಅದನ್ನು ಬಿಡಿಸುತ್ತೇವೆ. ಮೆಷೀನು ಪ್ಲಾಸ್ಟಿಕ್ ದಾರವನ್ನು ಕರಗಿಸಿ, ಶ್ಯಾವಿಗೆ ಒತ್ತಿದ ಹಾಗೆ ಎಳೆಯ ಮೇಲೆ ಎಳೆ ಕೂರಿಸಿ, ಮಧ್ಯಾಹ್ನದೊಳಗೆ ಒಂದು ಸ್ಯಾಂಪಲ್ ಕೈಗೆ ಕೊಡುತ್ತದೆ. ಅದು ಗಾಡಿಗೆ ಸರಿಯಾಗಿ ಕೂತರೆ ಆಮೇಲೆ ಲೋಹದ್ದು. ಸ್ಯಾಂಪಲ್ಲಿನದು ಅಗ್ಗದ ಪ್ಲಾಸ್ಟಿಕ್, ಇಲ್ಲಿಯ ಬಿಸಿಲಿಗೆ ಮೆತ್ತಗಾಗುತ್ತದೆ. ಹಾಗಾಗಿ ಅದನ್ನು ಬೂದು ಬಣ್ಣದಲ್ಲೇ ಬಿಡಬೇಕು, ಪಾಲಿಶ್ ಕೂಡ ಮಾಡಬಾರದು ಎಂಬುದು ನಮ್ಮ ಯಜಮಾನರಾದ ಮಂಗಳೂರಿನ ಲ್ಯಾನ್ಸಿ ಸರ್ ಹಾಕಿದ ನಿಯಮ.

ಇಲ್ಲೇ ರಿಫಾ ಎಂಬ ಊರಿನ ಬೂ ಖಾಲಿದ್ ಎಂಬ ಹಿರಿಯರದ್ದು ಒಂದು ಹಳೆಯ ಕಪ್ಪು ಕಾರು. ಅದಕ್ಕೆ ಎರಡೇ ಬಾಗಿಲು. ಅವಕ್ಕೆ ದೋಣಿಯ ಮೂತಿಯಂಥ ಹ್ಯಾಂಡಲ್ ಬೇಕೆಂದು ಅವರ ಆಸೆ. ಶುಕ್ರವಾರ ಮಗಳ ಮದುವೆ, ಮದುಮಗಳು ಹೋಗುವುದು ಅದೇ ಕಾರಿನಲ್ಲಿ. ಲೋಹದ್ದು ಅಷ್ಟರೊಳಗೆ ಆಗುವಂತಿರಲಿಲ್ಲ. ಗುರುವಾರ ಲ್ಯಾನ್ಸಿ ಸರ್ ನನಗೆ ಹೇಳಿದರು: “ಡ್ರೈವರ್ ಕೂರದ ಬದಿಯ ಬಾಗಿಲಿಗೆ ಸ್ಯಾಂಪಲ್ ಕೂತುಕೊಳ್ತದಾ ನೋಡಿ ತೆಗೆದಿಡು. ಮದುವೆಗೆ ಹಳೇ ಹ್ಯಾಂಡಲೇ ಸಾಕು. ಬಣ್ಣಗಿಣ್ಣ ಎಂತದ್ದೂ ಬೇಡ, ಆಯ್ತಾ?” ನಾನು ಆಯ್ತು ಎಂದೆ. ಆದರೆ ಆ ಹ್ಯಾಂಡಲ್ ಬಾಗಿಲಿಗೆ ಕೂತ ಚಂದ ನೋಡಿ ನನ್ನ ಕೈ ನನ್ನ ಮಾತು ಕೇಳಲಿಲ್ಲ. ಉಜ್ಜಿ ನುಣ್ಣಗೆ ಮಾಡಿ, ಥಳಥಳ ಹೊಳೆಯುವ ಕ್ರೋಮ್ ಬಣ್ಣವನ್ನು ಮೂರು ಕೋಟ್ ಹೊಡೆದೆ. ನಾಳೆ ಬೆಳಿಗ್ಗೆ ಒಂದು ಸಲ ಕಣ್ತುಂಬ ನೋಡಿ ಬಿಚ್ಚಿದರಾಯಿತು ಎಂದುಕೊಂಡೆ.

ಇಲ್ಲಿ ವಾರದ ರಜೆ ಶುಕ್ರವಾರ, ಹಾಗಾಗಿ ಚರ್ಚಿನ ದೊಡ್ಡ ಪೂಜೆಯೂ ಅಂದೇ. ಲ್ಯಾನ್ಸಿ ಸರ್ ಅಲ್ಲಿಗೆ ಹೋಗಿದ್ದರು. ನಾನು ಸ್ಕ್ರೂ ಡ್ರೈವರ್ ಹುಡುಕುತ್ತಿದ್ದಾಗ ಬೂ ಖಾಲಿದ್ ಬಂದೇಬಿಟ್ಟರು. ಹ್ಯಾಂಡಲನ್ನು ನೋಡಿದರು, ಬಗ್ಗಿ ನೋಡಿದರು, ತಮ್ಮ ಅರಬಿ ಬೆರೆತ ಹಿಂದಿಯಲ್ಲಿ “ಮಾಷಾ ಅಲ್ಲಾ, ಇದು ಮನುಷ್ಯ ಮಾಡಿದ್ದಾ?” ಎಂದು ನನ್ನನ್ನು ತಬ್ಬಿಕೊಂಡರು. ಇದು ಬರೀ ಸ್ಯಾಂಪಲ್ಲು ಎಂಬ ಮಾತು ನನ್ನ ಗಂಟಲವರೆಗೆ ಬಂದಿತ್ತು, ದೇವರಾಣೆ. ಅಷ್ಟರಲ್ಲಿ ಅವರು ಇಬ್ಬರು ಗೆಳೆಯರಿಗೆ ವೀಡಿಯೊ ಕಾಲ್ ಮಾಡಿ ಹ್ಯಾಂಡಲನ್ನೂ ನನ್ನನ್ನೂ ತೋರಿಸಿದರು. ಮಾತು ವಾಪಸು ಹೊಟ್ಟೆಗೆ ಇಳಿಯಿತು. ಇನ್ನೊಂದು ಬಾಗಿಲಿನದ್ದು ಮದುವೆ ಆದ ಮೇಲಾಯಿತು ಎಂದು ಅವರು ಗಾಡಿ ತೆಗೆದುಕೊಂಡು ಹೋದರು, ನಾನು ಕೈ ಬೀಸಿದೆ.

ಪೂಜೆ ಮುಗಿಸಿ ಬಂದ ಲ್ಯಾನ್ಸಿ ಸರ್ ಖಾಲಿ ಜಾಗ ನೋಡಿದರು. “ಹ್ಯಾಂಡಲ್ ಬದಲಾಯಿಸಿಯೇ ಕೊಟ್ಟದ್ದಲ್ವಾ?”

“ಇಲ್ಲ ಸರ್.”

“ಬಣ್ಣ?”

“ಮೂರು ಕೋಟ್.”

ಅವರು ಅಲ್ಲೇ ಇದ್ದ ಟೈರಿನ ಮೇಲೆ ಕೂತರು. ಹೊರಗೆ ಜುಲೈ ತಿಂಗಳ ಬಿಸಿಲು. ಆಗಲೇ ನನಗೆ ಲೆಕ್ಕ ಹೊಳೆದದ್ದು. ಕಪ್ಪು ಕಾರಿನ ಬಾಗಿಲು ಮಧ್ಯಾಹ್ನದ ಹೊತ್ತಿಗೆ ದೋಸೆ ಹೆಂಚು. ಬೂ ಖಾಲಿದರಿಗೆ ಫೋನ್ ಮಾಡಿದೆವು, ಮತ್ತೆ ಮತ್ತೆ ಮಾಡಿದೆವು. ಮದುವೆ ಮನೆಯಲ್ಲಿ ಯಾರು ಎತ್ತುತ್ತಾರೆ? ನನ್ನ ಕೆಲಸ ಹೋದರೆ ವೀಸಾ ಹೋಯಿತು. ಅದರ ಜೊತೆ ಸುಮತಿಯದ್ದೂ ಹೋಯಿತು, ಈಸಾ ಟೌನಿನ ಶಾಲೆಯಲ್ಲಿ ಹತ್ತನೇ ಕ್ಲಾಸಿನಲ್ಲಿರುವ ಮಗಳದ್ದೂ ಹೋಯಿತು. ಒಂದು ಹ್ಯಾಂಡಲಿಗೆ ನಾವು ಮೂವರೂ ಜೋತುಬಿದ್ದಿದ್ದೆವು.

ಸಂಜೆ ನಾಲ್ಕಕ್ಕೆ ಲ್ಯಾನ್ಸಿ ಸರ್ ಫೋನಿಗೆ ಒಂದು ವೀಡಿಯೊ ಬಂತು. ಬ್ಯೂಟಿ ಪಾರ್ಲರಿನ ಎದುರು ಮದುಮಗಳ ಅಣ್ಣ ತಂಗಿಗಾಗಿ ಬಾಗಿಲು ತೆಗೆಯಲು ಹ್ಯಾಂಡಲ್ ಹಿಡಿದು ಎಳೆಯುತ್ತಾನೆ. ಬಾಗಿಲು ಬರುವುದಿಲ್ಲ. ಹ್ಯಾಂಡಲ್ ಮಾತ್ರ ಬರುತ್ತದೆ, ಬರುತ್ತಲೇ ಇರುತ್ತದೆ, ಕಡೆಗೆ ಉದ್ದವಾಗಿ ಅವನ ಕೈಯಲ್ಲೇ ಉಳಿಯುತ್ತದೆ. ಮದುಮಗಳು ಕಾಣುವುದಿಲ್ಲ, ಅವಳ ಅಳು ಕೇಳುತ್ತದೆ. ಒಳಗಿನಿಂದಲೂ ಬಾಗಿಲು ತೆರೆಯಲಿಲ್ಲವಂತೆ. ಆ ಅಗಲ ಘೇರಿನ ಉಡುಪಿನಲ್ಲಿ ಡ್ರೈವರ್ ಬದಿಯಿಂದ ನುಸುಳಲಾಗದೆ ಅವಳು ಅಣ್ಣನ ಪಿಕಪ್ಪಿನಲ್ಲಿ ಮದುವೆಗೆ ಹೋದಳಂತೆ. ಲ್ಯಾನ್ಸಿ ಸರ್ ವೀಡಿಯೊವನ್ನು ಮೂರು ಸಲ ನೋಡಿದರು. ನನಗೆ ಒಂದೇ ಸಲ ಸಾಕಾಯಿತು.

ಮನೆಯಲ್ಲಿ ಹೇಳಿದಾಗ ಸುಮತಿ ಬೈಯಲೂ ಇಲ್ಲ. “ಎಂತ ಮಾಡಿ ಹಾಕಿದ್ರಿ ಮಾರಾಯ್ರೆ” ಎಂದು ಮೆಲ್ಲಗೆ ಹೇಳಿ ಮಗಳ ಪುಸ್ತಕಗಳ ಕಡೆ ನೋಡಿದಳು.

ಮರುದಿನ ಬೂ ಖಾಲಿದ್ ಬಂದರು. ಅದಕ್ಕೂ ಮೊದಲೇ ಲ್ಯಾನ್ಸಿ ಸರ್ ನನಗೆ ತಾಕೀತು ಮಾಡಿದ್ದರು: “ಮೆಷೀನಿಗೆ ತಪ್ಪು ಪ್ಲಾಸ್ಟಿಕ್ ಹೋಯ್ತು, ಯಾರಿಗೂ ಗೊತ್ತಾಗ್ಲಿಲ್ಲ ಅಂತ ನಾನು ಹೇಳ್ತೇನೆ. ನೀನು ಬಾಯಿ ಬಿಡ್ಬೇಡ.” ಹಾಗೆಯೇ ಹೇಳಿದರು. ಬೂ ಖಾಲಿದ್ ಜೇಬಿನಿಂದ ಆ ಉದ್ದ ಹ್ಯಾಂಡಲ್ ತೆಗೆದು ತಿರುಗಿಸಿ ನೋಡಿದರು.

“ಇಷ್ಟು ಎಳೆದರೂ ಬಣ್ಣ ಒಂದು ಕಡೆಯೂ ಒಡೆದಿಲ್ಲ. ಯಾರು ಹೊಡೆದದ್ದು?”

“ನಾನೇ ಬಾಬಾ. ಮೂರು ಕೋಟ್,” ಎಂದೆ. ಲ್ಯಾನ್ಸಿ ಸರ್ ಕಣ್ಣು ಮುಚ್ಚಿದರು.

“ಹಾಗಾದರೆ ಮೂರು ಸಲ ಕೈಗೆ ತೆಗೆದುಕೊಂಡಿದ್ದೀಯ,” ಎಂದರು ಬೂ ಖಾಲಿದ್. “ಮೂರು ಸಲವೂ ಇದು ಎಂಥದ್ದು ಅಂತ ನಿನಗೆ ಗೊತ್ತಿತ್ತು.”

ಅವರು ಹ್ಯಾಂಡಲನ್ನು ನನ್ನ ಕೈಗೆ ಕೊಟ್ಟು, ಲ್ಯಾನ್ಸಿ ಸರ್ ಕಡೆ ತಿರುಗಿ, “ಇವನನ್ನು ತೆಗೆಯಬೇಡ. ನನ್ನ ಮನೆಯಲ್ಲಿ ಈಗ ಹೊಸ ಅಳಿಯ ಇದ್ದಾನೆ, ಕೋಪ ಮಾಡುವ ವಾರ ಅಲ್ಲ. ಆದರೆ ಮಗಳ ಹತ್ತಿರ ಇವನೇ ಬಂದು ತಪ್ಪಾಯ್ತು ಅನ್ನಲಿ,” ಎಂದರು. ನಾನು ಅವರ ಮನೆಗೆ ಹೋಗಿ ತಪ್ಪಾಯ್ತು ಅಂದೆ. ಅವಳು ಬಾಗಿಲು ಪೂರ್ತಿ ತೆರೆಯಲೂ ಇಲ್ಲ.

ಮನೆಗೆ ಬಂದಾಗ ಸುಮತಿ ಬಾಗಿಲಲ್ಲೇ ಕಾಯುತ್ತಿದ್ದಳು. “ಎಂತ ಹೇಳಿದ್ರು ಅವ್ರು?”

“ಬಣ್ಣ ಒಂದು ಕಡೆಯೂ ಒಡೆದಿಲ್ಲ ಅಂದ್ರು,” ಎಂದೆ.