ಇಲಿ ಪಾಷಾಣದವರ ಮನೆಯ ಮುದಿ ಇಲಿ

ಬೇರೆಯವರ ಮನೆಯಲ್ಲಿ ನಗುವಂಥದ್ದು ವರ್ಷಕ್ಕೊಮ್ಮೆ ಆದರೆ ನಮ್ಮ ಮನೆಯಲ್ಲಿ ವಾರಕ್ಕೊಮ್ಮೆ ಆಗುತ್ತಿತ್ತು. ಕಾರಣವನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಅರವತ್ತರ ದಶಕದಲ್ಲಿ ನಾನು ಪಾಂಡವಪುರದಲ್ಲಿ ಗ್ರಾಮಸೇವಕ. ಅಂದರೆ ಸೈಕಲ್ಲಿನಲ್ಲಿ ಊರೂರಿಗೆ ಹೋಗಿ ರೈತರಿಗೆ ಬೀಜ, ಗೊಬ್ಬರದ ವಿಷಯ ತಿಳಿಸುವವನು. ಕಬ್ಬಿನ ಗದ್ದೆಗೆ ಇಲಿ ಬಿದ್ದರೆ ಪಾಷಾಣ ಕೊಟ್ಟು, ಹೇಗೆ ಕೊಲ್ಲಬೇಕೆಂದು ತೋರಿಸುವುದೂ ನನ್ನದೇ ಕೆಲಸ. ನನ್ನ ಹೆಂಡತಿ ಸಾಕಿದ್ದು ಇಲಿ.

೧. ಪಥ್ಯ

ಪಕ್ಕದ ಮನೆಯ ವಿಜ್ಞಾನದ ಮೇಡಂ ನಾಗಮಂಗಲಕ್ಕೆ ವರ್ಗವಾದಾಗ ಕೊಟ್ಟುಹೋದ ಬಿಳಿ ಇಲಿ ಅದು. ಹೆಂಡತಿ 'ಬೆಳ್ಳ' ಎಂದು ಕರೆದಳು. ಮೂರು ವರ್ಷಕ್ಕೆ ಬೆಳ್ಳನಿಗೆ ಮುಪ್ಪು ಬಂತು, ಹಿಂಗಾಲು ಎಳೆಯತೊಡಗಿತು. ಅದೇ ವಾರ ನನಗೆ ಜ್ವರ. ಬೆಳ್ಳನಿಗೆ ಹಾಲಿನಲ್ಲಿ ನೆನೆಸಿದ ಬನ್ನು, ನನಗೆ ರಾತ್ರಿಯ ತಂಗಳು ಮುದ್ದೆ.

"ನಂಗೂ ಉಷಾರಿಲ್ಲ ಕಣೇ."

"ನಿಮ್ಗೆ ಬಾಯೈತೆ, ಬೇಕಾದ್ದು ಕೇಳ್ತೀರಿ. ಅದು ಕೇಳ್ತದಾ?"

"ಈಗ ಕೇಳ್ದೆ ತಾನೆ?"

"ಕೇಳುದ್ರಿ. ಇಲ್ಲ ಅಂದೆ."

೨. ದನದ ಆಸ್ಪತ್ರೆ

ಬೆಳ್ಳನನ್ನು ಬಿಸ್ಕತ್ತಿನ ಡಬ್ಬಿಯಲ್ಲಿಟ್ಟು ನನ್ನನ್ನೇ ದನದ ಆಸ್ಪತ್ರೆಗೆ ಕಳಿಸಿದಳು. ಎತ್ತುಗಳ ಹಿಂದೆ ಸಾಲಿನಲ್ಲಿ ನಿಂತೆ. ಹಿಂದಿನ ದಿನವಷ್ಟೇ ನನ್ನಿಂದ ಪಾಷಾಣ ಪಡೆದಿದ್ದ ರೈತನೊಬ್ಬ ಡಬ್ಬಿಯೊಳಗೆ ಬಗ್ಗಿ ನೋಡಿದ.

"ಏನ್ ಸ್ವಾಮಿ, ಔಸ್ದಿ ಆಕುದ್ರೂ ಸಾಯ್ಲಿಲ್ವಾ?"

"ಸಾಯ್ಸೋಕಲ್ಲಪ್ಪ, ಉಳಿಸೋಕೆ ತಂದಿದೀನಿ."

ಅವನು ಚೀಲದಿಂದ ಪೊಟ್ಟಣ ತೆಗೆದು ನನ್ನ ಕೈಗಿಟ್ಟ. "ನಿಮ್ಮನೇಲೇ ಬಳಸ್ದೆ ಇದ್ಮೇಲೆ ನಮ್ಗ್ಯಾಕೆ ಬುಡಿ!"

ಡಾಕ್ಟರು ಹೇಳಿದ್ದು ಇಷ್ಟು: "ವಯಸ್ಸಾಗಿದೆ, ಔಷಧಿ ಇಲ್ಲ. ಬೆಚ್ಚಗಿಡಿ. ತೀರಾ ನರಳಿದರೆ ತನ್ನಿ, ಸೂಜಿ ಕೊಟ್ಟು ಮಲಗಿಸಿಬಿಡೋಣ." ಮಲಗಿಸುವುದೆಂದರೆ ಮತ್ತೆ ಏಳದ ಹಾಗೆ. ಮುಖ ಸಪ್ಪಗೆ ಮಾಡಿಕೊಂಡು ಮನೆಗೆ ಬಂದೆ. ಆದರೆ ದಾರಿಯುದ್ದಕ್ಕೂ ಸೈಕಲ್ಲಿನ ಗಂಟೆಯನ್ನು ಸುಮ್ಮಸುಮ್ಮನೆ ಬಾರಿಸಿದ್ದೆ.

೩. ತೀರ್ಮಾನ

ಬೆಚ್ಚಗಿಡಲು ನನ್ನ ಮದುವೆಯ ಉಣ್ಣೆಯ ಮಫ್ಲರು ಹೋಯಿತು. ಕೇಳಿದ್ದಕ್ಕೆ, "ನಿಮ್ಗೆ ಮೈಮೇಲೆ ಕೊಬ್ಬೈತೆ" ಅಂದಳು. ಮೂರು ದಿನ ಬೆಳ್ಳನನ್ನು ಮಡಿಲಿಂದ ಇಳಿಸಲಿಲ್ಲ. ಆ ಮಡಿಲಲ್ಲಿ ನಾನು ಎಂದಾದರೂ ತಲೆಯಿಟ್ಟಿದ್ದೆನೇ ಎಂದು ಯೋಚಿಸಿದೆ, ನೆನಪಾಗಲಿಲ್ಲ.

ನಾಲ್ಕನೆಯ ದಿನ ಬೆಳ್ಳ ಹಾಲನ್ನೂ ಬಿಟ್ಟಿತು. ಹೆಂಡತಿ ಅದನ್ನು ತಂದು ನನ್ನ ಅಂಗೈಗಿಟ್ಟಳು.

"ನನ್ ಕೈಲಾಗಲ್ಲ. ಸೂಜಿ ಆಕುಸ್ಬೇಕೋ ಬ್ಯಾಡ್ವೋ ನೀವೇ ಏಳಿ. ಇಲಿ ಸಾಯೋದ ನೋಡಿರೋರು ನೀವೇ ತಾನೆ."

ಗದ್ದೆಗಳಲ್ಲಿ ಎಷ್ಟು ಇಲಿ ಕೊಲ್ಲಿಸಿದ್ದೆನೋ ಲೆಕ್ಕವಿಲ್ಲ. ಆದರೆ ಒಂದೂ ಹೀಗೆ ಅಂಗೈಯಲ್ಲಿ ಉಸಿರಾಡಿರಲಿಲ್ಲ. ಅದು ನಿಧಾನವಾಗಿ ತೆವಳಿ ನನ್ನ ಅಂಗಿಯ ಜೇಬಿಗಿಳಿದು ನಿದ್ದೆ ಮಾಡಿತು.

"ನಾಳೆ ಹೇಳ್ತೀನಿ" ಅಂದೆ. ಮರುದಿನವೂ "ನಾಳೆ" ಅಂದೆ. ಸರ್ಕಾರಿ ಕೆಲಸದವನಾದ್ದರಿಂದ ಕಷ್ಟವಾಗಲಿಲ್ಲ.

೪. ಜೇಬಿನವನು

ಆಮೇಲೆ ಬೆಳ್ಳ ಜೇಬು ಬಿಟ್ಟು ಬರಲೇ ಇಲ್ಲ. ಹೆಂಡತಿ ಎತ್ತಿಕೊಂಡರೆ ಕಿಚಕಿಚ ಅನ್ನುತ್ತಿತ್ತು.

"ಮೂರು ವರ್ಸ ಸಾಕಿದ್ದು ನಾನು!" ಅಂದಳು. ನನಗೆ ಹಬ್ಬದೂಟ ಉಂಡಷ್ಟು ತೃಪ್ತಿ.

ಜೇಬಿನಲ್ಲಿಟ್ಟುಕೊಂಡೇ ಕ್ಯಾತನಹಳ್ಳಿಗೆ ಹೋದೆ. ಪಾಷಾಣದ ಪೊಟ್ಟಣ ಬಿಚ್ಚುವ ಮೊದಲು, ಹಿಟ್ಟಿನಲ್ಲಿ ಎಷ್ಟು ಬೆರೆಸಬೇಕೆಂದು ವಿವರಿಸುತ್ತಿದ್ದೆ. ರೈತರೆಲ್ಲ ನನ್ನ ಎದೆಯನ್ನೇ ನೋಡುತ್ತಿದ್ದರು. ಬೆಳ್ಳ ತಲೆ ಹೊರಗೆ ಹಾಕಿತ್ತು.

ಒಬ್ಬ ಮುದುಕ ಹೇಳಿದ: "ಸ್ವಾಮಿ, ಗದ್ದೇವು ಆಮ್ಯಾಕೆ. ಮೊದ್ಲು ಜೋಬಿಂದುಕ್ಕೆ ಆಕಿ ತೋರ್ಸಿ."

"ಅದಕ್ಕೆ ಮೈ ಹುಷಾರಿಲ್ಲಪ್ಪ, ಪಾಪ" ಅಂದೆ.

ಎಲ್ಲರೂ ಬಿದ್ದು ಬಿದ್ದು ನಕ್ಕರು. ಆಮೇಲೆ ಆ ಮುದುಕನೇ ಕೂಗಿದ: "ಲೇ, ಸ್ವಾಮ್ಯೋರ ಇಲಿಗೆ ಒಸಿ ಆಲ್ ತತ್ತಾ ಕಣ್ಲಾ!"

ಬೆಳ್ಳ ಎರಡು ತೊಟ್ಟು ಕುಡಿಯಿತು. ವಾಪಸು ಬರುವಾಗ ನಾಲೆಯ ಏರಿಯ ಮೇಲೆ, ನರಳದೆ, ಸೂಜಿಯೂ ಇಲ್ಲದೆ, ಜೇಬಿನಲ್ಲೇ ಹೋಯಿತು. ಸೈಕಲ್ಲು ಹತ್ತದೆ ತಳ್ಳಿಕೊಂಡೇ ಮನೆಗೆ ಬಂದೆ. ಹಿತ್ತಲ ದಾಸವಾಳದ ಬುಡದಲ್ಲಿ ಇಬ್ಬರೂ ಸೇರಿ ಹೂಳಿದೆವು.

ಮೂರನೆಯ ದಿನ ಹೆಂಡತಿ ಊಟಕ್ಕೆ ಬಡಿಸುತ್ತಾ ಕೇಳಿದಳು: "ನನ್ ಕೈಲಿ ಏನೂ ಮುಟ್ಟುಲಿಲ್ಲ. ಕೊನೇಲಿ ಕುಡೀತು ಅಂದ್ರಲ್ಲ, ಯಾರ್ ಕೊಟ್ಟ ಆಲು?"

"ಕ್ಯಾತನಹಳ್ಳಿಯವರು."

ಅವಳು ಸೌಟು ಕೆಳಗಿಟ್ಟಳು. ಅಂದಿನಿಂದ ಕ್ಯಾತನಹಳ್ಳಿಯಿಂದ ಯಾರೇ ನಮ್ಮ ಮನೆಗೆ ಬರಲಿ, ಅವಳು ಒಂದು ಲೋಟ ನೀರನ್ನೂ ಕೊಡಲಿಲ್ಲ, ಆ ಕೆಲಸ ನನ್ನದಾಯಿತು.