ಇಪ್ಪತ್ತೆಂಟು ಚಾಕಲೇಟು ತಿಂದ ಹವಾಲ್ದಾರರಿಗೆ

ಮಾನ್ಯ ಹವಾಲ್ದಾರರೇ,

ಮಾನ್ವಿಯ ನಮ್ಮ ಓಣಿಯ ಕಾವಲು ನಾಯಿಯೂ, ಬಾಲ ಎಡಕ್ಕೆ ಬಾಗಿದ ಘನವಂತರೂ ಆದ ತಮ್ಮ ನಾಲ್ಕೂ ಪಾದಗಳಿಗೆ ನಮಸ್ಕರಿಸಿ, ನಾಗವೇಣಿ ವಿನಯದಿಂದ ಬರೆದುಕೊಳ್ಳುವ ದೂರು.

ಎಂ.ಎ. ಪಾಸಾದೆನೆಂದು ಬಾಯಿಬಿಟ್ಟು ಹೇಳಲು ನಾಚಿಕೆಯಾಗಿ, ಮನೆಮನೆಗೆ ಹಂಚಿದರೆ ಸುದ್ದಿ ತಾನೇ ತಿಳಿದೀತೆಂದು ರಾಯಚೂರಿನಿಂದ ಇಪ್ಪತ್ತೆಂಟು ಕಪ್ಪು ಚಾಕಲೇಟು ತಂದಿದ್ದೆ. ಅಪ್ಪ ಬರುವವರೆಗೆ ಯಾರೂ ಮುಟ್ಟಬಾರದೆಂದು ಅವ್ವ ಅವನ್ನು ಬುದ್ಧನ ಪಟದ ಮುಂದಿಟ್ಟಿದ್ದಳು. ಈ ನಿಯಮವನ್ನು ತಮಗೆ ಲಿಖಿತವಾಗಿ ತಿಳಿಸದಿದ್ದುದು ನಮ್ಮದೇ ತಪ್ಪು. ತಾವು ಬಂದಾಗ ಬುದ್ಧನೂ ಕಣ್ಣು ಮುಚ್ಚಿಕೊಂಡೇ ಇದ್ದ.

ಕಾಗದ ಸಮೇತ ಎಲ್ಲವನ್ನೂ ಸ್ವೀಕರಿಸಿ ತಾವು ಅಂಗಳದಲ್ಲಿ ಗಿರಗಿರನೆ ತಿರುಗುತ್ತಿರಲು, ವಾಂತಿ ಮಾಡಿಸಲೆಂದು ಅವ್ವ ಹುಣಸೆ ನೀರಿನ ಚೊಂಬು ಹಿಡಿದು ಬಂದಳು. ಪಶುವೈದ್ಯ ಕಲೀಮುಲ್ಲಾ ಸಾಹೇಬರು ಫೋನಿನಲ್ಲೇ ಗದರಿದರು: "ಏನೂ ಕುಡಿಸಬ್ಯಾಡ್ರಿ! ಚಾಕಲೇಟು ನಾಯಿಗೆ ವಿಷ. ಖಾಲಿ ಡಬ್ಬಿ ಹಿಡಕೊಂಡು ಲಗೂನ ಬರ್ರಿ. ತೂಕ ಎಷ್ಟದ? ತೂಕ ನೋಡೇ ಔಷಧ ಕೊಡಬೇಕು."

ಹೀಗಾಗಿ ತಮ್ಮನ್ನು ಎತ್ತಿಕೊಂಡು, ನಮ್ಮಪ್ಪ ಹಂಪಯ್ಯ ಹಮಾಲಿ ಮಾಡುವ ಪಕ್ಕದ ರೈಸ್ ಮಿಲ್ಲಿಗೆ ಓಡಿದೆ. ಎದೆ ಢವಢವ ಹೊಡೆದುಕೊಳ್ಳುತ್ತಿದ್ದರೂ ತಾವು ತೂಕದ ಕಾಟಾದ ಮೇಲೆ ಕುಳಿತ ಗಾಂಭೀರ್ಯ ಯಾವ ಸೋನಾ ಮಸೂರಿ ಮೂಟೆಗೂ ಬಂದಿಲ್ಲ. ಮಾಲೀಕ ಶರಣಯ್ಯನವರು ಅಂಕಿ ನೋಡಿ, ಅಭ್ಯಾಸಬಲದಿಂದ, "ಹದಿನೆಂಟು. ಚೀಲದ್ದೊಂದು ಕಿಲೋ ಕಳಿ, ಹದಿನೇಳು ಬರಿ" ಎಂದು ಗುಮಾಸ್ತರಿಗೆ ಹೇಳಿದರು.

ರೈತರ ಭತ್ತದ ಮೂಟೆ ಮೂಟೆಗೂ ಚೀಲದ ತೂಕವೆಂದು ಕಳೆಯುವ ಆ ಒಂದು ಕಿಲೋವನ್ನು ಆ ಮಿಲ್ಲಿನಲ್ಲಿ ಎಂದೂ ಯಾರೂ ಪ್ರಶ್ನಿಸಿದವರಿಲ್ಲ. ಆದರೆ ತಮ್ಮ ಜೀವ ಆ ಅಂಕಿಯ ಮೇಲಿತ್ತು. "ನಾಯಿಗೆಲ್ಲಿ ಚೀಲ ಅದರೀ ಯಜಮಾನ್ರ?" ಎಂದು ನಾನು ಕೂಗಿದ ರಭಸಕ್ಕೆ ಹಮಾಲರು ಹೊತ್ತ ಮೂಟೆ ಇಳಿಸಿ ನಿಂತರು. ಅಪ್ಪ ಕಣ್ಣರಳಿಸಿ, "ಯವ್ವಾ, ನಿನಗ ಬಾಯಿ ಅದ ಏನಬೇ!" ಎಂದ.

ಹದಿನೆಂಟೇ ಬರೆಯಲಾಯಿತು. ಆಸ್ಪತ್ರೆಯಲ್ಲಿ ಸಾಹೇಬರ ವಾಂತಿಯ ಇಂಜೆಕ್ಷನ್ ಬಿದ್ದೊಡನೆ ತಾವು ಇಪ್ಪತ್ತೆಂಟೂ ಕಾಗದಗಳನ್ನು ಪ್ರಾಮಾಣಿಕವಾಗಿ ಹಿಂದಿರುಗಿಸಿ, ಸಂಜೆಯ ಹೊತ್ತಿಗೆ ಬಾಲವನ್ನು ಮತ್ತೆ ಎಡಕ್ಕೆ ಬಾಗಿಸಿದಿರಿ. ಅದನ್ನು ಕಂಡು ನಾನು ಓಣಿಯ ನಡುವೆ ಕುಣಿದದ್ದನ್ನು ತಾವು ಯಾರಿಗೂ ಹೇಳಬಾರದು. ಇನ್ನು ಮುಂದೆ ಏನೇ ತಿನ್ನುವ ಮುನ್ನ ಎರಡು ಫೋಟೊ ಹಾಗೂ ತೂಕದ ಚೀಟಿ ಲಗತ್ತಿಸಿ ಅರ್ಜಿ ಹಾಕಬೇಕೆಂದೂ, ವಾಂತಿಯನ್ನು ಕಚೇರಿ ವೇಳೆಯಲ್ಲೇ ಮುಗಿಸಬೇಕೆಂದೂ ಪ್ರಾರ್ಥನೆ.

ತಮ್ಮ ವಿಶ್ವಾಸಿ,
ಹೊಸದಾಗಿ ಬಾಯಿ ಬಂದ
ನಾಗವೇಣಿ

ತಾ.ಕ.: ಇಂದು ಆ ಮಿಲ್ಲಿಗೆ ಭತ್ತ ಹಾಕುವ ಹಿರೇಕೊಟ್ನೆಕಲ್ಲಿನ ರೈತರು ನನ್ನನ್ನು ಕರೆದೊಯ್ದು ಅದೇ ಕಾಟಾದ ಮೇಲೆ ಖಾಲಿ ಪ್ಲಾಸ್ಟಿಕ್ ಚೀಲ ತೂಗಿಸಿದರು: ನೂರು ಗ್ರಾಂ. ಉಳಿದ ಒಂಬೈನೂರು ಗ್ರಾಂ ಇಷ್ಟು ವರ್ಷ ಯಾರ ಹೊಟ್ಟೆ ಸೇರಿತೆಂದು ತಾವು ಮೂಸಿ ಹೇಳಿದರೆ ಉಪಕಾರವಾದೀತು. ವಾಂತಿಯ ಇಂಜೆಕ್ಷನ್ ಕಲೀಮುಲ್ಲಾ ಸಾಹೇಬರ ಬಳಿ ಇನ್ನೂ ಇದೆಯಂತೆ.